ಬೆನ್ನ ಹಿಂದಿನಿಂದ ಕಾಣುವ ಕೆಂಪು

ಝೋಹರಾ ಎಡೆರಿ ಗಟ್ಟಿ ನೂಲಿನ ಹೆಂಗಸು. ಗಿಡ್ಡ ಮೈ, ಅಗಲ ಅಂಗೈ, ಶಾಲೆಯ ಅಡುಗೆಮನೆಯಲ್ಲಿ ಹಂಡೆ ಎತ್ತಿ ಬಲಿತ ಭುಜ. ಅಂಚಿನಲ್ಲಿ ಕೊಂಚ ಸವೆದಿದ್ದರೂ ನೇಯ್ಗೆಯಲ್ಲಿ ಖೋಟಾ ಇಲ್ಲ, ಎಷ್ಟು ಒಗೆದರೂ ಬಣ್ಣ ಬಿಡುವವಳಲ್ಲ. ವ್ಯಾಪಾರದ ಕಣ್ಣಿಗೆ ಕಂಡ ದೋಷ ಒಂದೇ: ಬೇಗ ಕೊಳ್ಳುವುದಿಲ್ಲ.

ಯೆರೂಸಲೇಮಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿರುವ ನಮ್ಮ ಅಂಗಡಿಗೆ ಅವಳು ಬಂದದ್ದು ಗಂಡ ಮಖ್ಲೂಫನಿಗೆ ಪ್ರಾರ್ಥನೆಯ ಶಾಲು ಕೊಳ್ಳಲು. ಶಾಲು ಆರಿಸುವುದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಿತು. ಮೊರಾಕೊದಿಂದ ಬಂದವರದು ಬಿಳಿಯ ಮೇಲೆ ಬಿಳಿಪಟ್ಟೆ, ಅದರಲ್ಲಿ ಚರ್ಚೆಯಿಲ್ಲ. ಸಿಕ್ಕಿಕೊಂಡದ್ದು ಶಾಲಿನ ಮೇಲಂಚಿಗೆ, ಕುತ್ತಿಗೆಯ ಹಿಂದೆ ಬರುವಂತೆ ಹೊಲಿಯುವ ಕೊರಳಪಟ್ಟಿಯ ಬಣ್ಣದಲ್ಲಿ.

ಮನೆಯಲ್ಲಿ ಗಂಡನನ್ನು ಕೇಳಿ ನೋಡಿದ್ದಳು. "ಯಾವ ಬಣ್ಣ ಬೇಕ್ರೀ?"

"ಇದ್ದ ಬಣ್ಣ" ಎಂದಿದ್ದ ಮಖ್ಲೂಫ್.

"ಯಾವುದಿತ್ತು?"

"ನಂಗೇನ್ ಗೊತ್ತು, ಅದು ನನ್ನ ಕುತ್ತಿಗೆ ಹಿಂದೆ ಇರುತ್ತೆ."

ಅವನಿಗೆ ಗೊತ್ತಿಲ್ಲದ ಸಂಗತಿಗಳು ಈಚೆಗೆ ಹೆಚ್ಚುತ್ತಿದ್ದವು. ಶನಿವಾರದ ಸಬ್ಬತ್ ಪ್ರಾರ್ಥನೆಯ ನಡುವೆಯೇ ಎದ್ದು, ಶಾಲು ಹೊದ್ದುಕೊಂಡೇ ಹೊರಗೆ ನಡೆದುಬಿಡುತ್ತಿದ್ದ. ಒಮ್ಮೆ ಬಸ್ಸೇ ಓಡಾಡದ ಆ ದಿನ ಬಸ್ ನಿಲ್ದಾಣದಲ್ಲಿ ಕುಳಿತಿದ್ದ. ಪ್ರಾರ್ಥನಾಮಂದಿರವಾದ ಸಿನಗಾಗಿನ ಹಿಂಬದಿಯ ಅಟ್ಟ ಹೆಂಗಸರದು. ಅಲ್ಲಿಂದ ಜಾಲರಿಯ ಸಂದಿಯಲ್ಲಿ ಬಗ್ಗಿ ನೋಡಿದರೆ ಕೆಳಗೆ ಬರೀ ಬಿಳಿ ಬೆನ್ನುಗಳು, ಹರಡಿಟ್ಟ ಅಕ್ಕಿಯ ಹಾಗೆ. ಯಾವ ಕಾಳು ಎದ್ದು ಹೋಯಿತೆಂದು ಹೇಗೆ ತಿಳಿಯುವುದು? ಗಂಡನಿಗೆ ಮರೆವು ಬಂದಿದೆ ಎಂದು ಊರಿಗೆ ಸಾರಲು ಅವಳಿಗೆ ಮನಸ್ಸಿರಲಿಲ್ಲ. ಅಟ್ಟದಿಂದ ಅವನ ಬೆನ್ನಿನ ಗುರುತು ಹಿಡಿಯಲು ಒಂದು ಬಣ್ಣ ಸಿಕ್ಕರೆ ಸಾಕಿತ್ತು.

ಗಲ್ಲಾದಲ್ಲಿ ಕೂತಿದ್ದ ನಮ್ಮ ಎಲ್ಯಾಕಿಮನಿಗೆ ಇದ್ಯಾವುದೂ ಗೊತ್ತಿಲ್ಲ. ಅವನು ಬೆಳ್ಳಿಯ ಜರಿಪಟ್ಟಿ ತೆಗೆದ. "ಅಕ್ಕಾ, ಇದು ಮದುಮಗನಿಗೂ ಆಗುತ್ತೆ, ಅಜ್ಜನಿಗೂ ಆಗುತ್ತೆ."

"ನೀನು ಹೊದ್ಕೊ. ಹೊರಗೆ ಬಂದು ಬೆನ್ನು ತೋರ್ಸು."

ಅವಳು ಎದುರಿನ ಕ್ಷೌರದಂಗಡಿಯ ಮಹಡಿ ಹತ್ತಿ ನಿಂತಳು. ಓಣಿಯ ನಡುವೆ ಎಲ್ಯಾಕಿಮ್ ಗೋಡೆಗೆ ಮುಖಮಾಡಿದ.

"ಏನಪ್ಪಾ, ಹೆಂಡ್ತಿ ಮನೆಯಿಂದ ಹೊರಗೆ ಹಾಕಿದ್ಲಾ?" ಎಂದ ಉಪ್ಪಿನಕಾಯಿ ಮಾರುವವನು.

"ಗಿರಾಕಿ ದೇವರು ಕಣೋ, ನಿಲ್ಲು ಅಂದ್ರೆ ನಿಲ್ಬೇಕು."

ಮೇಲಿನಿಂದ ಬೆಳ್ಳಿ ಬಿಳಿಯಲ್ಲೇ ಕರಗಿತು. ಹೊನ್ನಿನ ಬಣ್ಣ ಕೊಳೆಯಂತೆ ಕಂಡಿತು. ನೀಲಿ ಚೆನ್ನಾಗಿತ್ತು, ಆದರೆ ಅವಳು ಕೆಳಗಿಳಿದು ಬರುವಷ್ಟರಲ್ಲಿ ನೀಲಿಯೋ ಬೂದಿಯೋ ಎಂದು ಅವಳಿಗೇ ಅನುಮಾನ. ಮತ್ತೆ ಹತ್ತಿದಳು. ಮೋಡ ಬಂತು, ನೀಲಿ ಹಸಿರಾಯಿತು. ಪಕ್ಕದ ಹೆಂಗಸು ಹಸಿರೇ ಒಳ್ಳೆಯದೆಂದಳು, ಕ್ಷೌರಿಕ ಕಪ್ಪು ಎಂದ. ಯಾರಿಗೆ ಬೇಕು, ಯಾತಕ್ಕೆ ಬೇಕು ಎಂದು ಇಬ್ಬರೂ ಕೇಳಲಿಲ್ಲ. ಝೋಹರಾಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೆ ದಾಳಿಂಬೆ ಕೆಂಪು ಮಹಡಿಗೂ ಕಂಡಿತು, ಮೋಡಕ್ಕೂ ಜಗ್ಗಲಿಲ್ಲ.

"ಅದೇ ಹೊಲಿ" ಎಂದಳು, ಇನ್ನೂ ಪೂರ್ತಿ ನಂಬಿಕೆಯಿಲ್ಲದೆ.

ಸಬ್ಬತ್ ಬಂತು. ಅಟ್ಟದ ಮೇಲೆ ಅವಳು ಮೊದಲೇ ಜಾಗ ಹಿಡಿದು ಕೂತಳು. ಮಖ್ಲೂಫ್ ಒಳಗೆ ಬಂದ, ಕೊರಳ ಹಿಂದೆ ಕೆಂಪು ಉರಿಯುತ್ತಿತ್ತು. ಅವಳು ಉಸಿರು ಬಿಟ್ಟಳು. ಪ್ರಾರ್ಥನೆ ಶುರುವಾಗುತ್ತಲೇ ಅವನು, ಮದುವೆಯಾದಾಗಿನಿಂದ ಮಾಡಿದಂತೆಯೇ, ಶಾಲನ್ನು ತಲೆಯ ಮೇಲೆಳೆದುಕೊಂಡ. ಕೊರಳಪಟ್ಟಿ ಹಣೆಗೆ ಬಂತು. ಹಿಂದೆ ಉಳಿದದ್ದು ಬಿಳಿ. ಅಕ್ಕಪಕ್ಕದವರೂ ತಲೆಗೆ ಹೊದ್ದರು. ಎಲ್ಲಿದ್ದ? ಮೂರನೆಯವನೋ, ಕಂಬದ ಪಕ್ಕದವನೋ? ಪ್ರಾರ್ಥನೆ ಮುಗಿಯುವವರೆಗೆ ಅವಳು ತಪ್ಪು ಬೆನ್ನನ್ನೇ ಕಾದಳು. ಅದು ಮೀನು ಮಾರುವವನ ಬೆನ್ನು. ಮಖ್ಲೂಫ್ ಅವತ್ತು ಏಳದೆ ಕೂತದ್ದು ಪುಣ್ಯ.

ಭಾನುವಾರ ಶಾಲನ್ನು ಗಲ್ಲಾದ ಮೇಲೆ ಹಾಕಿದಳು. "ನಾನು ಬೆನ್ನಿಗೆ ಬಣ್ಣ ಕೇಳಿದ್ರೆ ನೀನು ಹಣೆಗೆ ಬಳಿದು ಕಳ್ಸಿದ್ದೀಯ."

"ಅಕ್ಕಾ, ಕೊರಳಪಟ್ಟಿ ತಲೆಗೆ ಹೊದ್ರೆ ಮುಂದಕ್ಕೇ ಬರೋದು. ಮೇಲ್ಭಾಗ ಯಾವ್ದು ಅಂತ ತಿಳೀಲಿ ಅಂತಾನೇ ಅದನ್ನ ಹಾಕೋದು. ಅಷ್ಟಕ್ಕೂ ಹಿಂದಿನಿಂದ ನೋಡೋರು ಯಾರು?"

"ನಾನು!" ಎಂದಳು ಝೋಹರಾ. ಬಸ್ ನಿಲ್ದಾಣದ ಕಥೆ ಆಗ ಹೊರಬಂತು.

ಎಲ್ಯಾಕಿಮ್ ಶಾಲು ತಿರುಗಿಸಿ ನೋಡಿದ, ಅವಳೂ ತಿರುಗಿಸಿದಳು. ಮೇಲಾವುದು ಕೆಳಗಾವುದು ಎಂದು ಇಬ್ಬರಿಗೂ ಕೆಲಹೊತ್ತು ತೋಚಲಿಲ್ಲ. ಆಮೇಲೆ ಅವಳ ಬೆರಳು ಮೂಲೆಗೆ ತಗುಲಿತು. ಗೊಂಡೆ ಕಟ್ಟುವ ನಾಲ್ಕು ಮೂಲೆಗಳಿಗೂ ಬಟ್ಟೆ ಹರಿಯದಿರಲೆಂದು ಹಾಕಿದ ಬಿಳಿ ತೇಪೆ.

"ತಲೆಗೆ ಹೊದ್ರೂ ಕೆಳಗಿನ ಇವೆರಡು ಮೂಲೆ ಬೆನ್ನ ಮೇಲೇ ನೇತಾಡ್ತವಲ್ಲ?"

"ನೇತಾಡ್ತವೆ."

"ಮತ್ತೆ ಇವನ್ನ ಬೋಳು ಬಿಟ್ಟಿದ್ದೀಯಲ್ಲೋ ಪುಣ್ಯಾತ್ಮ!"

ಮೂಲೆಗಳಿಗೂ ದಾಳಿಂಬೆ ಕೆಂಪು ಬಂತು. ಮುಂದಿನ ಸಬ್ಬತ್‌ನಲ್ಲಿ ಎರಡು ಕೆಂಪು ಚೌಕಗಳು ಬಾಗಿಲ ಕಡೆ ನಡೆದದ್ದನ್ನು ಝೋಹರಾ ಅಟ್ಟದಿಂದ ಕಂಡಳು. ಓಡಿ ಇಳಿದು ಗೇಟಿನಲ್ಲೇ ತೋಳು ಹಿಡಿದಳು.

"ಪ್ರಾರ್ಥನೆ ಬಿಟ್ಟು ನೀನ್ಯಾಕೆ ಬಂದೆ? ಮರೆವಾ?" ಎಂದು ಗದರಿದ ಮಖ್ಲೂಫ್.

"ಹೂಂ ಕಣ್ರೀ, ಮರೆವು. ಒಳಗೆ ಕರ್ಕೊಂಡ್ಹೋಗಿ."

ಈಗ ಶಾಲು ಕೊಳ್ಳಲು ಯಾರೇ ಬಂದರೂ ನಮ್ಮ ಅಂಗಡಿಯಲ್ಲಿ ಬಣ್ಣದ ಮಾತಿಗೆ ಮೊದಲು ಇನ್ನೊಂದು ಮಾತು ಕೇಳುತ್ತೇವೆ: ಇದನ್ನು ನೋಡುವವರು ಯಾರು, ಎಲ್ಲಿ ನಿಂತು? ಆ ಪ್ರಶ್ನೆ ನಮ್ಮದಲ್ಲ, ಝೋಹರಾ ಎಡೆರಿಯದು. ಅದಕ್ಕೆ ನಾವು ಅವಳಿಗೆ ಋಣಿಗಳು.