ಮಂದಿಯ ಕೂಸು

ನನ್ನ ತಮ್ಮ ಹುಟ್ಟಿದ ದಿನವೇ ಅವನನ್ನು ತಿಪ್ಪೆಯ ಮೇಲೆ ಮಲಗಿಸಿದರು. ನಮ್ಮ ಆಡಕಿ ಊರಲ್ಲಿ ಯಾರೂ ಅದಕ್ಕೆ ಹುಬ್ಬೇರಿಸಲಿಲ್ಲ. ರಜಾಕಾರರ ಗದ್ದಲ ಅಡಗಿದ ಮರುವರ್ಷ, ನನ್ನ ಜಡೆ ಹಿಡಿದೆಳೆದು ಶಾಲೆಗೆ ಕರೆದೊಯ್ಯುತ್ತಿದ್ದ ಅಣ್ಣ ಒಂದು ಜ್ವರಕ್ಕೆ ಹೋಗಿಬಿಟ್ಟಿದ್ದ. ಮಗ ಸತ್ತ ಮನೆಯಲ್ಲಿ ಮತ್ತೆ ಹುಟ್ಟಿದ ಕೂಸು ಉಳಿಯಬೇಕಾದರೆ, ಅದು ಯಾರದೆಂದು ಸಾವಿಗೆ ತಿಳಿಯಬಾರದು. ನೆರೆಮನೆಯ ಅಂಬಿಗರ ಮುದುಕಿ ತಿಪ್ಪೆಯಿಂದ ಎತ್ತಿಕೊಂಡಳು. ಅವ್ವ ಒಂದು ಮೊರ ತೌಡು ಕೊಟ್ಟು ಅವಳಿಂದ ಪಡೆದಳು. "ನಡ್ಯೋ ತನಕ ನಮ್ಮದು ಅನ್ನಬ್ಯಾಡ್ರಿ," ಎಂದು ಅಜ್ಜಿ ಎಲ್ಲರಿಗೂ ತಾಕೀತು ಮಾಡಿದಳು.

ನನಗೇನು, ಒಳ್ಳೆಯದೇ ಆಯಿತು. ಅಣ್ಣನ ಜಾಗಕ್ಕೆ ಬಂದವನ ಮೇಲೆ ನನಗೆ ಭಾಳ ಸಿಟ್ಟಿತ್ತು. "ಮಂದೀ ಕೂಸು, ನಾ ಯಾಕ ಎತ್ಕೊಳ್ಲಿ?" ಎಂದು ಎದುರು ಮಾತಾಡುತ್ತಿದ್ದೆ. ಆದರೂ ಅವನು ಮಲಗಿದಾಗ ಹೊಟ್ಟೆ ಏರಿಳಿಯುತ್ತದೋ ಇಲ್ಲವೋ ಎಂದು ಹೋಗಿ ಹೋಗಿ ನೋಡುತ್ತಿದ್ದೆ. ಹಾಳು ಮನಸ್ಸು ಕೇಳುತ್ತಿರಲಿಲ್ಲ.

ನಡೆಯಲು ಕಲಿಯುವ ಮೊದಲೇ ಅವನಿಗೂ ಜ್ವರ ಬಂತು. ಅಣ್ಣನಿಗೆ ಬಂದಂಥದ್ದೇ, ಕಣ್ಣಾಲಿ ಮೇಲಕ್ಕೆ ಹೋಗುವ ಜ್ವರ. ಅಪ್ಪ ಸೇಡಂ ಸ್ಟೇಷನ್ನಿನವರೆಗೆ ಬಂಡಿ ಹೊಡೆದ. ಅವ್ವ, ನಾನು, ಕೂಸು ರೈಲು ಹತ್ತಿದೆವು. ಚಿತ್ತಾಪುರ ದಾಟಿತು, ವಾಡಿಯಲ್ಲಿ ಗಾಡಿ ನಿಂತೇಬಿಟ್ಟಿತು. ಇಂಜಿನ್ನಿಗೆ ನೀರು ಕುಡಿಸಿ ಮುಗಿಸುವ ತನಕ ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ.

ಶಹಾಬಾದಿನ ದವಾಖಾನೆಯಲ್ಲಿ ನರ್ಸಮ್ಮ ಕೂಸನ್ನು ಇಸಿದುಕೊಂಡು, "ತಾಯಿ ಒಬ್ಬಾಕಿನೇ ಒಳಗ ಬರಬೇಕು. ಕೂಸು ಯಾರ್ದು?" ಎಂದಳು.

"ಮಂದೀದ್ರಿ," ಎಂದಳು ಅವ್ವ.

"ಹಂಗಾದ್ರ ಇದರ ತಾಯೀನ ಕರ್ಕೊಂಡು ಬರ್ರಿ. ಸೂಜಿ ಹಾಕಬೇಕಂದ್ರ ಆಕಿ ಹೂಂ ಅನ್ನಬೇಕು."

ನಮ್ಮದು ಎಂದರೆ ಅವನು ಹೋಗುತ್ತಾನೆ, ಅನ್ನದಿದ್ದರೂ ಹೋಗುತ್ತಾನೆ. ಅವ್ವ ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು.

"ನಮ್ಮದ್ರಿ," ಎಂದೆ. "ಈಕಿನೇ ತಾಯಿ. ಅಂವ ನನ್ನ ತಮ್ಮ."

ಅವ್ವ ನನ್ನ ಕಪಾಳಕ್ಕೆ ಹೊಡೆದಳು. ಹೊಡೆದ ಕೈಯಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನರ್ಸಮ್ಮನ ಹಿಂದೆ ಓಡಿದಳು.

ಅವನು ಬದುಕಿದ. ಈಗ ಮೊಮ್ಮಕ್ಕಳನ್ನು ಗದರಿಸುತ್ತ ಕೂಡುತ್ತಾನೆ. ಆದರೆ ಅವನು ಒಂದು ಸಲ ಕೆಮ್ಮಿದರೂ ಸಾಕು, ನನ್ನ ಎದೆ ಧಸಕ್ಕೆನ್ನುತ್ತದೆ. ನಮ್ಮದು ಎಂದು ಸಾವಿನ ಕಿವಿಗೆ ಬೀಳುವಂತೆ ಹೇಳಿದವಳು ನಾನೊಬ್ಬಳೇ.