ನ್ಯಾನೋ ಮಸಿ

ಸ್ನೇಹಿತರೇ, ಸ್ವಚ್ಛತೆಯ ಮೇಲೆ ನನಗೆ ಇವತ್ತಿನಿಂದ ಸಿಟ್ಟು.

ನಂಜನಗೂಡಿನ ನಮ್ಮ ಕಾಲೇಜಿನ ಬಿ.ಎಸ್ಸಿ. ಮಕ್ಕಳಿಗೆ ನ್ಯಾನೋ ವಿಜ್ಞಾನ ತೋರಿಸಬೇಕಿತ್ತು. ಬೆಳಿಗ್ಗೆಯೇ ಗಾಜಿನ ಸ್ಲೈಡುಗಳನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಮಸಿ ಕೂರಿಸಿದೆ. ಆ ಮಸಿಯ ಕಣಗಳು ಎಷ್ಟು ಸಣ್ಣವೆಂದರೆ, ಮೇಲೆ ಬಿದ್ದ ನೀರು ಅಂಟದೆ ಮುತ್ತಿನಂತೆ ಉರುಳಬೇಕು. ಹನಿಯ ಅಂಚು ಗಾಜಿನ ಜೊತೆ ಮಾಡುವ ಕೋನವನ್ನು ಮಕ್ಕಳಿಂದ ಅಳೆಯಿಸುವ ಕೆಲಸ ಗಣಿತದ ಮೇಡಂ ಅವರದು. "ನಿಮ್ಮ ನ್ಯಾನೋಗೆ ನನ್ನ ಪೀರಿಯಡ್ ಯಾಕ್ರೀ?" ಎಂದು ಗೊಣಗುತ್ತಿದ್ದವರು ಅಂತೂ ಒಪ್ಪಿದ್ದರು.

ಸ್ಲೈಡುಗಳನ್ನು ಅವರ ಮೇಜಿನ ಮೇಲಿಟ್ಟು, ಪ್ರಯೋಗ ನೋಡಲು ಪ್ರಿನ್ಸಿಪಾಲರನ್ನು ಕರೆತಂದೆ. ನೋಡಿದರೆ ಗಾಜು ಫಳಫಳ!

"ಮೇಡಂ, ಮಸಿ ಎಲ್ಲಿ?"

"ಅಷ್ಟು ಗಲೀಜು ಗಾಜಲ್ಲಿ ಮಕ್ಕಳು ಏನ್ ಅಳೀತಾರೆ ಸಾರ್? ತೊಳೆದುಬಿಟ್ಟೆ. ಅಬ್ಬಾ, ಅದೆಂಥ ಮಸಿ ಕಣ್ರೀ! ನೀರು ಹಾಕಿದ್ರೆ ಅಂಟೋದೇ ಇಲ್ಲ, ಗುಂಡುಗುಂಡಾಗಿ ಉರುಳ್ಕೊಂಡು ಹೋಗುತ್ತೆ. ಕೊನೆಗೆ ಸೋಪು ಹಾಕಿ ಉಜ್ಜಿದೆ."

ಪ್ರಿನ್ಸಿಪಾಲರು ಒಂದು ಸ್ಲೈಡನ್ನು ಬೆಳಕಿಗೆ ಹಿಡಿದು, "ಗುಡ್, ಲ್ಯಾಬ್ ಸಾಮಾನು ಹಿಂಗೇ ಇಟ್ಕೊಳ್ರಿ" ಎಂದು ಹೊರಟರು.

ಪ್ರಯೋಗ ಪೂರ್ತಿ ಯಶಸ್ವಿ ಸ್ನೇಹಿತರೇ. ನಡೆದದ್ದು ಮಾತ್ರ ಸಿಂಕಿನಲ್ಲಿ, ಕಂಡದ್ದು ಗಣಿತದವರಿಗೆ.