ಇಳಕಲಿನ ಬುಡದ ಸಮನೆಲ

ನಮ್ಮ ಗಾಡಿ ಕಾಕಾ ಅವರ ಬಲಮೊಣಕಾಲು ಮಡಚುತ್ತಿರಲಿಲ್ಲ. ನಮಾಜಿಗೆ ಕೂತಾಗ ಆ ಕಾಲೊಂದನ್ನು ಮುಂದಕ್ಕೆ ಚಾಚಿಕೊಂಡಿರುತ್ತಿದ್ದರು. ಅದು ಹಾಗಾದದ್ದು ಯಾರಿಂದ ಎಂದು ಬರೆಯುವುದನ್ನು ಇಷ್ಟು ವರ್ಷ ಮುಂದೂಡಿದೆ.

ಕೌಜಲಗಿ ಕಡೆಯಿಂದ ಗೋಕಾಕ ಪೇಟೆಗೆ ಅವರು ಚಕ್ಕಡಿಯಲ್ಲಿ ಬೆಲ್ಲ ಸಾಗಿಸುತ್ತಿದ್ದರು. ಎತ್ತುಗಳಿಗೆ ಬಾರುಕೋಲು ಎತ್ತಿದ್ದನ್ನು ನಾನು ಕಂಡಿಲ್ಲ. ದಾರಿಯುದ್ದಕ್ಕೂ ಊರ ಸುದ್ದಿಯನ್ನೆಲ್ಲ ಅವುಗಳಿಗೆ ಹೇಳುತ್ತಿದ್ದರು. “ಮಂದಿಗೆ ಹೇಳಿದರ ಊರ ತುಂಬ ಆಗತೈತಿ, ಇವು ಹೊಟ್ಟ್ಯಾಗ ಇಟ್ಕೋತಾವ” ಎನ್ನುವರು.

ಏರಿ ಹಾಕಿ ಹೊಸ ಸಡಕು ಕಟ್ಟುವಾಗ, ಅದರಿಂದ ಊರಿಗೆ ಇಳಿಯುವ ಇಳಕಲು ಎಲ್ಲಿ ಬರಬೇಕೆಂಬ ಮಾತು ಬಂತು. ಓವರಸಿಯರ ಸಾಹೇಬರದು ಮರಾಠಿ. ಹೈಸ್ಕೂಲು ಕಲಿತವನೆಂದು ಊರವರು ನನ್ನನ್ನು ಮುಂದೆ ನಿಲ್ಲಿಸಿದರು. ಕಾಕಾ ಕೇಳಿಕೊಂಡದ್ದು ಇಷ್ಟೇ: ಇಳಕಲು ಮುಗಿದ ಕೂಡಲೇ ನಾಲ್ಕು ದಾರಿ ಕೂಡಬಾರದು, ಹೇರಿನೊಡನೆ ಇಳಿದ ಎತ್ತು ಹಿಡಿತಕ್ಕೆ ಬರಲು ನಡುವೆ ಒಂದಿಷ್ಟು ಸಮನೆಲ ಬೇಕು. ಹಾಗೆ ಕೂಡುದಾರಿಯಿಂದ ದೂರದಲ್ಲಿ ಇಳಿಸಿದರೆ ನನ್ನ ಮೆಣಸಿನಕಾಯಿ ಹೊಲದ ಅಂಚು ಹೋಗುತ್ತಿತ್ತು. ಕೂಡುದಾರಿಯ ಹತ್ತಿರವೇ ಇಳಿಸಿದರೆ ಗಾಡಿಯವರಿಗೆ ಅನುಕೂಲವಂತೆ ಎಂದು ಸಾಹೇಬರಿಗೆ ಮರಾಠಿಯಲ್ಲಿ ಹೇಳಿಬಿಟ್ಟೆ. ಕಾಕಾ ಪಕ್ಕದಲ್ಲೇ ನಿಂತಿದ್ದರು. ಅವರಿಗೆ ಮರಾಠಿ ತಿಳಿಯದೆಂದುಕೊಂಡಿದ್ದೆ. ಇಳಕಲು ನಾನು ಹೇಳಿದಲ್ಲೇ ಬಂತು.

ಮರುವರ್ಷದ ಸುಗ್ಗಿಯಲ್ಲಿ ಅವರು ಹೇರಿನೊಡನೆ ಇಳಿಯುವಾಗ, ಹೆಂಗಸರು ಕೂತ ಚಕ್ಕಡಿಯೊಂದು ಕೂಡುದಾರಿಯಲ್ಲಿ ಅಡ್ಡ ಬಂತು. ಎತ್ತುಗಳು ನಿಲ್ಲಲಿಲ್ಲ. ಕಾಕಾ ಅವನ್ನು ತಗ್ಗಿಗೆ ತಿರುಗಿಸಿದರು. ಹೆಂಗಸರು ಉಳಿದರು, ಗಾಲಿ ಕೆಳಗೆ ಬಿದ್ದ ಕಾಕಾ ಅವರ ಮೊಣಕಾಲ ಮೇಲೆ ಹಾಯಿತು.

ಮುಂದೆ ನನ್ನ ಬಾಣಂತಿ ಹೆಂಡತಿಯನ್ನು ಗೋಕಾಕದ ತವರಿನಿಂದ ಕರೆತಂದವರೂ ಅವರೇ. ಕುಲುಕಬಾರದೆಂದು ಹುಲ್ಲು ದಪ್ಪಗೆ ಹಾಸಿದ್ದರು. ಅದೇ ಇಳಕಲಿನಲ್ಲಿ ತಾವು ಕೆಳಗಿಳಿದು, ನೊಗ ಹಿಡಿದು, ಕುಂಟುತ್ತ ನಡೆದರು. ನಾನು ಪಕ್ಕದಲ್ಲಿದ್ದೆ. ಬುಡದಲ್ಲಿ ಮರಾಠಿ ಮಾತಾಡುವ ದಾರಿಹೋಕನೊಬ್ಬ ಮೂಡಲಗಿಯ ದಾರಿ ಕೇಳಿದ. ಕಾಕಾ ಸರಾಗವಾದ ಮರಾಠಿಯಲ್ಲಿ ತಿಳಿಸಿ ಹೇಳಿದರು.

“ಕಾಕಾ, ನಿಮಗ ಮರಾಠಿ ಬರತೈತೇನ್ರಿ?”

“ಸಂಕೇಶ್ವರ ಸಂತಿಗೆ ಹೇರು ಒಯ್ಯಾಂವಗ ಬರದ ಇರತೈತೇನೋ ತಮ್ಮಾ.”

“ಅವತ್ತ ಸಾಹೇಬ್ರ ಮುಂದ ನಾ...”

“ಕೂಸು ಮಲಗೇತಿ. ಎಬ್ಬಸಬ್ಯಾಡ” ಎಂದು ಎತ್ತಿನ ಕೊರಳ ಗಂಟೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ನಡೆದರು.

ಮನೆ ಮುಟ್ಟಿದ ಮೇಲೆ ಹೇಳಿದರಾಯಿತು ಎಂದುಕೊಂಡೆ. ಆ ಕೂಸಿನ ಮದುವೆಯ ನಿಬ್ಬಣಕ್ಕೂ ಕಾಕಾ ಅವರೇ ಚಕ್ಕಡಿ ಹೂಡಿದರು, ಆಗಲೂ ಹೇಳಲಿಲ್ಲ. ಅವರು ತೀರಿಕೊಂಡ ದಿನ ಎಲ್ಲರೊಡನೆ ಹೋಗಿ ಮಣ್ಣು ಹಾಕಿ ಬಂದೆ. ತಪ್ಪಾಯಿತು ಎಂದು ಒಂದು ಮಾತು ಹೇಳದೆ ನಾನು ಕಳಿಸಿಕೊಟ್ಟದ್ದು ಅವರನ್ನು, ನಮ್ಮ ಗಾಡಿ ಕಾಕಾನನ್ನು.